ಬೀಗದ ಕೈ

ವಾಲ್ಪರೈಸೊ ಬಂದರಿನ ಮೇಲೆ, ತೊಂಬತ್ತನಾಲ್ಕು ಮೆಟ್ಟಿಲ ತುದಿಗೆ
ನಮ್ಮ ಅಚ್ಚಿನ ಸಹಕಾರ ಸಂಘ.
ತಗಡಿನ ಗೋಡೆ, ಹಡಗಿಗೆ ಬಳಿದು ಮಿಕ್ಕ ಹಳದಿ.
ಹನ್ನೊಂದು ಮಂದಿ, ಹನ್ನೊಂದು ಪಾಲು,
ತಲೆಗೊಂದು ಮತ, ತಲೆಗೊಂದು ಬೀಗದ ಕೈ.
ಲೆಕ್ಕ ಬರೆಯುವವಳು ನಾನು.
ನನ್ನ ಪುಸ್ತಕದಲ್ಲಿ ಎಲ್ಲವೂ ಸಮ,
ಕೂಡಿದರೆ ತಾಳೆಯಾಗುತ್ತಿತ್ತು.

ವಿಡ್‌ಲೀನ್ ಇದ್ದದ್ದು ‘ಇತರೆ ಖರ್ಚು’ ಎಂಬ ಕಲಮಿನಲ್ಲಿ,
ಟರ್ಪೆಂಟೈನು, ಚಿಂದಿಬಟ್ಟೆ, ಬೆಕ್ಕಿಗೆ ತಂದ ಮೀನು
ಇವುಗಳ ನಡುವೆ.
ಹೈಟಿಯಿಂದ ಬಂದವಳು. ಮೂರು ವರ್ಷ
ನಮ್ಮ ಪರದೆಗಳ ಬಣ್ಣ ತೊಳೆದಳು.
ಕೆಂಪಿನ ದಿನ ಮೊಣಕೈವರೆಗೂ ಕೆಂಪು,
ನೀಲಿಯ ದಿನ ನೀಲಿ.
ನಾವು ಅಚ್ಚು ಹಾಕಿದ್ದನ್ನೆಲ್ಲ ಕಟ್ಟಕಡೆಗೆ ಓದುತ್ತಿದ್ದವಳು,
ಹಿಂದುಮುಂದಾಗಿ, ನೀರಲ್ಲಿ ಕದಡಿ ಹೋಗುವಾಗ.

ಆ ಮಾರ್ಚಿಯಲ್ಲಿ ಒಂದು ಭಿತ್ತಿಪತ್ರ ಮಾಡಿದೆವು.
‘ಎಲ್ಲರಿಗೂ ಸ್ವಾಗತ’, ಏಳು ಭಾಷೆಯಲ್ಲಿ.
ಮುದುಕ ಎಲಿಸೆಯೊ ಅಕ್ಷರ ಕೊರೆದ,
ಕಿವಿ ಕೇಳದ ಯೆರ್ಕೊ ಅಚ್ಚೊತ್ತಿದ,
ನಾನು ಕಾಗದದ ದುಡ್ಡು ಕೊಟ್ಟೆ.
ಇನ್ನೂರು ಹಾಳೆ ಹಗ್ಗದ ಮೇಲೆ ಒಣಗಿ,
ಕಟ್ಟು ಕಟ್ಟಿ,
ಮೀನಂಗಡಿಯಿಂದ ಹಿಡಿದು ಚರ್ಚಿನವರೆಗೆ ಅಂಟಿಸಿ ಬಂದ ಮೇಲೆ
ಪರದೆ ತೊಳೆಯುತ್ತಾ ಅವಳೆಂದಳು:
ಐದನೆಯ ಸಾಲು ತಪ್ಪು.

ಐದನೆಯ ಸಾಲು ಅವಳ ಭಾಷೆ.
ಒಂದಕ್ಷರ ಬಿದ್ದುಹೋಗಿತ್ತು.
ಮೂರೇ ಕಾಲಿನ ಕುರ್ಚಿ, ಅಂದಳು,
ಕೂತರೆ ಬೀಳುತ್ತೀವಿ.

ಮೊದಲೇ ಯಾಕೆ ಹೇಳಲಿಲ್ಲ? ಎಲಿಸೆಯೊ ರೇಗಿದ.
ಅವಳು ನಲ್ಲಿ ನಿಲ್ಲಿಸಿದಳು.
ಕೇಳಿದಿರಾ?

ನಲ್ಲಿ ನಿಂತ ಮೇಲೆ ಅಷ್ಟು ಹೊತ್ತು
ಸಮುದ್ರ ಕೇಳಿಸಿದ್ದು ನನಗೆ ಅದೇ ಮೊದಲು.
ಯೆರ್ಕೊ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ,
ಏನಾಯಿತೆಂದು ಕೈಯಲ್ಲಿ ಕೇಳಿದ.
ಅವನಿಗೆ ತಿಳಿಸಿದವಳೂ ಅವಳೇ,
ನೊರೆ ಹತ್ತಿದ ಬೆರಳಲ್ಲಿ.
ಆ ಬೆರಳಮಾತು ಅವಳು ಕಲಿತದ್ದು ಯಾವಾಗ?
ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ.

ಸಭೆ ಕರೆದೆವು. ಗಾಲಿಕುರ್ಚಿಯ ನಿಬಾಲ್ಡೊ
ಕೆಳಗಿಂದ ಹೇಳಿ ಕಳಿಸಿದ:
ಪ್ರತಿ ಸಲ ನನ್ನನ್ನು ಮೂಟೆಯ ಹಾಗೆ ಹೊತ್ತು ತರುತ್ತೀರಿ,
ಈ ಸಲ ನೀವು ಇಳಿದು ಬನ್ನಿ.
ಇಳಿದೆವು. ಮೀನಂಗಡಿಯ ಹಿಂದೆ, ಮಂಜುಗಡ್ಡೆಯ ಪೆಟ್ಟಿಗೆಗಳ ಮೇಲೆ ಕೂತು
ಮೂರು ಗಂಟೆ ಜಗಳ.
ನಾವು ಸೇರಿಸಿಕೊಂಡಿದ್ದೇವಲ್ಲ, ಅಂದೆ ನಾನು.
ಸೇರಿಸಿಕೊಂಡಿರಿ, ಅಂದಳು,
ನಾನು ಸೇರಿಲ್ಲ.

ಹೊಸ ಹಾಳೆಯಲ್ಲಿ ನಿನ್ನ ಸ್ವಾಗತ ಸರಿಯಾಗಿ ಹಾಕೋಣ, ಯಾರೋ ಅಂದರು.
ಸ್ವಾಗತ ನೆಂಟರಿಗೆ, ಅಂದಳು.
ನನಗೆ ಬೀಗದ ಕೈ ಕೊಡಿ.

ಬೀಗಕ್ಕೂ ಒಂದು ಕೈ ಇರುತ್ತದೆ,
ಯಾರ ಕೈಯೊಳಗೆ ಅದರ ಕೈ ಎಂಬುದೇ ಲೆಕ್ಕ.
ಕಾನೂನಿನ ಪ್ರಕಾರ ಕೈ ಎತ್ತಿದೆವು. ಏಳು ಪರ, ಮೂರು ವಿರೋಧ,
ಎಲಿಸೆಯೊನ ಕೈ ಜೇಬಿನಲ್ಲೇ.
ಪಾಲು ಹನ್ನೆರಡಾದರೆ ನಿಮ್ಮ ತಿಂಗಳ ದುಡ್ಡು ಇಷ್ಟು ಇಳಿಯುತ್ತದೆ
ಎಂದು ಲೆಕ್ಕ ಓದಿದವಳು ನಾನೇ.
ಇಳಿಯಿತು ಕೂಡ. ಆ ಚಳಿಗಾಲ ಹೀಟರು ಕೊಳ್ಳಲಿಲ್ಲ.
ಎಲಿಸೆಯೊ ಎರಡು ತಿಂಗಳು ಬರಲಿಲ್ಲ.
ಬಂದದ್ದು ತನ್ನ ಉಳಿಗಾಗಿ, ಹಾಗಂತ ಅವನು ಹೇಳಿಕೊಂಡ;
ಉಳಿ ಹುಡುಕುತ್ತಾ ಸಂಜೆಯವರೆಗೂ ಉಳಿದ.
ಪರದೆ ಈಗ ಸರದಿಯ ಮೇಲೆ ತೊಳೆಯುತ್ತೇವೆ.
ನನ್ನ ಉಗುರ ಸಂದಿಯ ಹಸಿರು
ಹೋಗುವುದೇ ಇಲ್ಲ.

ಮೊನ್ನೆ ಬೆಳಿಗ್ಗೆ ಮಂಜಿನಲ್ಲಿ ಮೆಟ್ಟಿಲು ಹತ್ತಿ ಹೋದರೆ
ಬಾಗಿಲು ಆಗಲೇ ತೆರೆದಿತ್ತು. ದೀಪ, ಕಾಫಿಯ ವಾಸನೆ.
ನನ್ನ ಕುರ್ಚಿಯಲ್ಲಿ ಅವಳು,
ನನ್ನ ಪುಸ್ತಕದಲ್ಲಿ ಒಂದು ತಪ್ಪು ಕೂಡಿಕೆಯ ಮೇಲೆ ಬೆರಳು.
ಇಪ್ಪತ್ತು ವರ್ಷದಲ್ಲಿ ಮೊದಲ ಸಲ
ಹೊಸ್ತಿಲಲ್ಲಿ ನಿಂತೆ,
ಬಾಗಿಲು ತಟ್ಟಲೋ ಬೇಡವೋ ತಿಳಿಯದೆ.

ಅವಳು ತಲೆ ಎತ್ತಲಿಲ್ಲ.
ಗಾಳಿ ಬರ್ತಿದೆ, ಅಂದಳು,
ಒಳಗೆ ಬಂದು ಬಾಗಿಲು ಹಾಕು.